ರಾಗಿ ಎಲೆಗೆ ಗೊತ್ತಿರುವುದು ಭತ್ತ, ಅವರೆಗೆ ಯಾಕೆ ಗೊತ್ತಿಲ್ಲ? ಕ್ಲೋರೋಪ್ಲಾಸ್ಟ್ ತಿದ್ದುವ ಬಗ್ಗೆ ತಿಳಿದವರು ಹೇಳಿ

ಮಹಡಿ ತೋಟ, ಯಲಹಂಕ
ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ದೊಡ್ಡಬಳ್ಳಾಪುರದ ಹತ್ತಿರ ನಮ್ಮಪ್ಪನಿಗೆ ಎರಡೂವರೆ ಎಕರೆ ಹೊಲ ಇದೆ. ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ. ಮೊದಲು ಕೆರೆ ಕೆಳಗೆ ಒಂದು ತುಂಡು ಗದ್ದೆಯೂ ಇತ್ತು. ಹೋದ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಎರಡನೇ ಪಿಯುಸಿ. ಮಧ್ಯಾಹ್ನ ಒಂದು ಗಂಟೆ, ನೆತ್ತಿ ಸುಡುವ ಬಿಸಿಲು. ಅಪ್ಪ ಬದುವಿನ ಮೇಲೆ ನಿಂತು, "ನೋಡು ಮಗಾ, ಈ ಹೊತ್ತಲ್ಲಿ ರಾಗಿ ಹೆಂಗೆ ನಿಂತದೆ. ಅವರೆ ಎಲೆ ನೋಡು, ಮುಖ ಬಾಡಿಸ್ಕೊಂಡದೆ. ಬಿಸಿಲು ಉಣ್ಣೋದು ರಾಗಿಗೆ ಗೊತ್ತು" ಅಂದರು.

ಮಗಳು ತಕ್ಷಣ, "ತಾತ, ರಾಗಿ ಸಿ4, ಅವರೆ ಸಿ3" ಅಂದಳು. "ಹಂಗಂದ್ರೆ?" ಅಂತ ಅಪ್ಪ ಕೇಳಿದರು. ಅವಳು ಪುಸ್ತಕದಲ್ಲಿದ್ದ ಚಕ್ರವನ್ನು ಪಟಪಟ ಒಪ್ಪಿಸಿದಳು. ಅಪ್ಪನಿಗೆ ಅರ್ಥ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಆಮೇಲೆ ಗೊತ್ತಾಯಿತು, ಅವಳಿಗೂ ಆಗಿಲ್ಲ ಅಂತ. ಹೆಸರುಗಳು ಬಾಯಿಪಾಠ, ಅಷ್ಟೇ.

ಮನೆಗೆ ಬಂದು ಓದುತ್ತಾ ಕೂತೆವು. ಎಲೆಯ ಜೀವಕೋಶದೊಳಗಿನ ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟನ್ನೇ ತಿದ್ದಿ ದ್ಯುತಿಸಂಶ್ಲೇಷಣೆ (ಬಿಸಿಲಿನಿಂದ ಗಿಡ ಆಹಾರ ಮಾಡಿಕೊಳ್ಳುವುದು) ಹೆಚ್ಚಿಸುವ ಕೆಲಸ ನಡೀತಿದೆಯಂತೆ. ಒಂದು ಕಡೆ ಶೇ 40 ಹೆಚ್ಚು ಬೆಳವಣಿಗೆ ಅಂತ ಇದೆ. ಇದು ನಿಜಾನಾ? ಹಾಗಿದ್ದರೆ ನಮ್ಮ ಹೊಲಕ್ಕೆ ಯಾಕೆ ಇನ್ನೂ ಬಂದಿಲ್ಲ? ಅಪ್ಪನಿಗೆ ಅರ್ಥ ಆಗುವ ಹಾಗೆ ಯಾರಾದರೂ ಹೇಳಿಕೊಡಿ. ಈ ಭಾನುವಾರ ಮತ್ತೆ ಹೋಗ್ತೀವಿ, ಅವರು ಕೇಳಿಯೇ ಕೇಳ್ತಾರೆ.

ನಿವೃತ್ತ ಮೇಷ್ಟ್ರು, ಬಸವನಗುಡಿ
ಗುರುವಾರ, ರಾತ್ರಿ 10:25

ತಂಗೀ, ಮೂವತ್ತು ವರ್ಷ ಈ ಪಾಠ ಮಾಡಿದ್ದೇನೆ. ನಿಮ್ಮ ತಂದೆಯವರಿಗೆ ಮೊರ ಗೊತ್ತಿರುತ್ತದೆ ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ಎಲೆಯೊಳಗೆ ರುಬಿಸ್ಕೋ ಅನ್ನುವ ಕಿಣ್ವ ಇದೆ. ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಆರಿಸಿ ಎತ್ತಿಕೊಳ್ಳುವುದು ಅದರ ಕೆಲಸ. ನಾವು ಉಣ್ಣುವ ಪ್ರತಿ ತುತ್ತೂ ಅದರ ಕೈದಾಟಿ ಬಂದದ್ದು. ಅದು ಬಹಳ ನಿಧಾನಿ. ನಮ್ಮ ಬೆಳೆಗಳಲ್ಲಿ ಸೆಕೆಂಡಿಗೆ ಸುಮಾರು ಮೂರು ಕಣ ಎತ್ತಿದರೆ ಹೆಚ್ಚು. ಬೇರೆ ಕೆಲವು ಕಿಣ್ವಗಳು ಸೆಕೆಂಡಿಗೆ ಸಾವಿರಗಟ್ಟಲೆ ಕೆಲಸ ಮುಗಿಸುತ್ತವೆ. ಅದಕ್ಕೇ ಗಿಡ ಆಳುಗಳನ್ನು ಜಾಸ್ತಿ ಇಟ್ಟುಕೊಂಡಿದೆ. ಭತ್ತ, ಗೋಧಿಯಂಥ ಬೆಳೆಗಳ ಎಲೆಯಲ್ಲಿ ನೀರಿನಲ್ಲಿ ಕರಗುವ ಪ್ರೋಟೀನಿನ ಅರ್ಧದಷ್ಟು ಇದೊಂದೇ ಇರಬಹುದು.

ಈಗ ಮೊರಕ್ಕೆ ಬನ್ನಿ. ಗಾಳಿಯಲ್ಲಿ ಆಕ್ಸಿಜನ್ ಶೇ 21. ಕಾರ್ಬನ್ ಡೈಆಕ್ಸೈಡ್ ಶೇ 0.04 ಚಿಲ್ಲರೆ. ಅಂದರೆ ಮೊರದಲ್ಲಿ ಒಂದು ಅಕ್ಕಿ ಕಾಳಿಗೆ ಐನೂರು ಕಲ್ಲು. ರುಬಿಸ್ಕೋಗೆ ಕಲ್ಲೂ ಕಾಳೂ ನೋಡಲು ಹೆಚ್ಚು ಕಡಿಮೆ ಒಂದೇ. ಹಾಗಿದ್ದೂ ನಾಲ್ಕರಲ್ಲಿ ಮೂರು ಸಲ ಕಾಳನ್ನೇ ಎತ್ತುತ್ತದೆ, ಒಂದು ಸಲ ಕಲ್ಲು ಎತ್ತುತ್ತದೆ. ತುಂಬ ಜನ ಇದನ್ನು ದಡ್ಡ ಕಿಣ್ವ ಅಂತ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಐನೂರು ಕಲ್ಲಿನ ನಡುವೆ ಇಷ್ಟು ಚೆನ್ನಾಗಿ ಆರಿಸುವ ಕೈ ಇನ್ನೆಲ್ಲಿದೆ? ಅದು ಹುಟ್ಟಿದ ಕಾಲದಲ್ಲಿ, 250 ಕೋಟಿ ವರ್ಷಕ್ಕೂ ಹಿಂದೆ, ಗಾಳಿಯಲ್ಲಿ ಆಕ್ಸಿಜನ್ನೇ ಇರಲಿಲ್ಲ ಅನ್ನಬೇಕು. ಮೊರದಲ್ಲಿ ಕಲ್ಲೇ ಇರಲಿಲ್ಲ. ಕಲ್ಲು ಆಮೇಲೆ ಬಂತು.

ಕಲ್ಲು ಎತ್ತಿದರೆ ಅದನ್ನು ಹೊರಗೆ ಹಾಕಲು ಗಿಡಕ್ಕೆ ದಂಡ. ಶಕ್ತಿ ಖರ್ಚು, ಆಗಲೇ ಹಿಡಿದಿದ್ದ ಕಾರ್ಬನ್ನಿನಲ್ಲಿ ಒಂದು ಪಾಲು ವಾಪಸ್ ಗಾಳಿಗೆ. ಇದನ್ನೇ ಫೋಟೋರೆಸ್ಪಿರೇಷನ್ ಅನ್ನುವುದು. ಬಿಸಿಲು ಏರಿದಷ್ಟೂ ತಪ್ಪು ಜಾಸ್ತಿ. ನಿಮ್ಮ ತಂದೆ ಮಧ್ಯಾಹ್ನ ಒಂದು ಗಂಟೆಗೆ ಅವರೆಯ ಮುಖ ಬಾಡಿದ್ದು ನೋಡಿದರಲ್ಲ, ಕಣ್ಣಿಗೆ ಕಾಣುವುದು ನೀರಿನ ಕೊರತೆ. ಆದರೆ ಅದೇ ಹೊತ್ತಿಗೆ ಒಳಗೆ ಈ ನಷ್ಟವೂ ನಡೆಯುತ್ತಿರುತ್ತದೆ.

ರಾಗಿ ಏನು ಮಾಡುತ್ತದೆ? ಮೊದಲು ಕೇರುತ್ತದೆ. ಎಲೆಯ ಹೊರಗಿನ ಜೀವಕೋಶಗಳಲ್ಲಿ ಬೇರೊಂದು ಕಿಣ್ವ ಕೂತಿದೆ. ಅದು ಕಲ್ಲನ್ನು ಮುಟ್ಟುವುದೇ ಇಲ್ಲ. ಕಾಳು ಮಾತ್ರ ಎತ್ತಿ, ನಾಲ್ಕು ಕಾರ್ಬನ್ನಿನ ಆಮ್ಲದೊಳಗೆ ಕಟ್ಟಿ ಒಳಮನೆಗೆ ಕಳಿಸುತ್ತದೆ. ಆ ನಾಲ್ಕೇ ಸಿ4. ನರದ ಸುತ್ತ ಇರುವ ಒಳಮನೆಯಲ್ಲಿ ರುಬಿಸ್ಕೋ ಕೂತಿರುತ್ತದೆ. ಅದರ ಮುಂದೆ ಬರೀ ಕೇರಿದ ಅಕ್ಕಿ. ತಪ್ಪು ಮಾಡಲು ಅವಕಾಶವೇ ಕಡಿಮೆ. ಎಲೆಯ ರಂಧ್ರಗಳನ್ನು ಅರ್ಧ ಮುಚ್ಚಿಕೊಂಡೂ ಕೆಲಸ ನಡೆಯುತ್ತದೆ, ಹಾಗಾಗಿ ನೀರೂ ಉಳಿಯುತ್ತದೆ. ಜೋಳ, ಸಜ್ಜೆ, ನವಣೆ, ಕಬ್ಬು, ಮುಸುಕಿನ ಜೋಳ ಎಲ್ಲವೂ ಇದೇ ಜಾತಿ. ಭತ್ತ, ಗೋಧಿ, ಅವರೆ, ತೊಗರಿ, ಕಡಲೆಕಾಯಿ, ಆಲೂಗಡ್ಡೆ ಕೇರದೆ ಆರಿಸುವವು, ಅವೇ ಸಿ3. ಹ್ಯಾಚ್ ಮತ್ತು ಸ್ಲ್ಯಾಕ್ ಎಂಬಿಬ್ಬರು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಬಿಡಿಸಿಟ್ಟರು. ಅವರು ಕೆಲಸ ಮಾಡಿದ್ದು ಕಬ್ಬಿನ ಎಲೆಯ ಮೇಲೆ.

ಮಗಳಿಗೆ ಹೇಳಿ: ಚಕ್ರ ಆಮೇಲೆ, ಮೊದಲು ಮೊರ.

ಕೋಡ್ ಕೆಂಗೇರಿ
ಶುಕ್ರವಾರ, ಬೆಳಗ್ಗೆ 7:15

ಮೇಷ್ಟ್ರೇ, ಮೆಟ್ರೋದಲ್ಲಿ ಕೂತು ಎರಡು ಸಲ ಓದಿದೆ. ಪಿಯುಸಿಯಲ್ಲಿ ನನಗೆ ಹೀಗೆ ಯಾರೂ ಹೇಳಿರಲಿಲ್ಲ. ನಾನು ಸಾಫ್ಟ್‌ವೇರ್ ಕೆಲಸದವನು, ಹಾಗಾಗಿ ಹೊಳೆಯುವ ಪ್ರಶ್ನೆ ಇದೇ. ರುಬಿಸ್ಕೋ ನಿಧಾನ ಅಂದರೆ ವೇಗದ ರುಬಿಸ್ಕೋ ಇರುವ ಜೀವಿಯಿಂದ ತಂದು ಹಾಕಬಾರದಾ? ಒಂದು ಜೀನ್ ಬದಲಿಸಿದರೆ ಮುಗೀತಲ್ವಾ?

ಹಸಿರು ಚುಕ್ಕೆ
ಶುಕ್ರವಾರ, ಮಧ್ಯಾಹ್ನ 1:50

ನಾನು ಬೆಂಗಳೂರಿನಲ್ಲೇ ಒಂದು ಗಿಡದ ಲ್ಯಾಬಿನಲ್ಲಿ ಆರು ವರ್ಷ ಇದೇ ಕೆಲಸ ಮಾಡಿದೆ. ಊಟದ ಬಿಡುವಿನಲ್ಲಿ ಬರೀತಿದ್ದೇನೆ. ಈ ವಿಷಯ ಅಂದರೆ ನನಗೆ ಪ್ರಾಣ, ಉದ್ದ ಆದರೆ ಕ್ಷಮಿಸಿ.

ಕೆಂಗೇರಿ ಅವರೇ, ನೀವು ಕೇಳಿದ್ದನ್ನು ಮಾಡಿಯೂ ನೋಡಿದ್ದಾರೆ. 2014ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧಕರು ಹೊಗೆಸೊಪ್ಪಿನ ರುಬಿಸ್ಕೋ ತೆಗೆದು ನೀಲಿ-ಹಸಿರು ಪಾಚಿಯ ರುಬಿಸ್ಕೋ ಹಾಕಿದರು. ಅದು ವೇಗದ ರುಬಿಸ್ಕೋ. ಗಿಡ ಬದುಕಿತು, ಬೆಳೆಯಿತು. ಆದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿಟ್ಟ ಕೋಣೆಯಲ್ಲಿ ಮಾತ್ರ. ಯಾಕೆಂದರೆ ಪಾಚಿಯ ರುಬಿಸ್ಕೋ ಕೈ ಚುರುಕು, ಕಣ್ಣು ಮಂದ. ಪಾಚಿಯಲ್ಲಿ ಅದು ಒಂದು ಪುಟ್ಟ ಪೆಟ್ಟಿಗೆಯೊಳಗೆ ಕೂತಿರುತ್ತದೆ, ಮೇಷ್ಟ್ರು ಹೇಳಿದ ಒಳಮನೆಯ ಹಾಗೆ. ಆ ಪೆಟ್ಟಿಗೆಗೆ ಕಾರ್ಬಾಕ್ಸಿಸೋಮ್ ಅಂತ ಹೆಸರು. ಪೆಟ್ಟಿಗೆ ಬಿಟ್ಟು ಆಳನ್ನು ಮಾತ್ರ ತಂದರೆ ಬಯಲಿನಲ್ಲಿ ಕೆಲಸ ಆಗುವುದಿಲ್ಲ. 2018ರಲ್ಲಿ ಆಸ್ಟ್ರೇಲಿಯಾದವರು ಪೆಟ್ಟಿಗೆಯ ಸರಳ ರೂಪವನ್ನೂ ಹೊಗೆಸೊಪ್ಪಿನ ಕ್ಲೋರೋಪ್ಲಾಸ್ಟಿನೊಳಗೆ ಕಟ್ಟಿದರು. ಪೆಟ್ಟಿಗೆ ಕಟ್ಟಿದ್ದೇ ದೊಡ್ಡ ಸಂಗತಿ. ಅದಕ್ಕೆ ಕಾರ್ಬನ್ ಪಂಪು ಮಾಡುವ ವ್ಯವಸ್ಥೆ ಇನ್ನೂ ಸೇರಬೇಕು.

ಯಾಕೆ ಯಾವಾಗಲೂ ಹೊಗೆಸೊಪ್ಪು ಅಂತ ಕೇಳ್ತೀರಿ. ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ಬೆಳೆಯುವ ಅದೇ ಗಿಡ. ಲ್ಯಾಬಿನಲ್ಲಿ ಅದು ಹೇಳಿದ ಮಾತು ಕೇಳುತ್ತದೆ. ಒಂದು ತುಂಡು ಎಲೆಯಿಂದ ಪೂರ್ತಿ ಗಿಡ ಎಬ್ಬಿಸಬಹುದು.

ಇನ್ನು "ಒಂದು ಜೀನ್" ವಿಷಯ. ಕ್ಲೋರೋಪ್ಲಾಸ್ಟ್ ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಪಾಚಿ. ಯಾವುದೋ ಹಳೆಯ ಜೀವಕೋಶದೊಳಗೆ ಸೇರಿಕೊಂಡು ಅಲ್ಲೇ ಉಳಿಯಿತು. ಅದರ ಜೊತೆ ಅದರದೇ ಡಿಎನ್‌ಎ ಈಗಲೂ ಇದೆ, ನೂರಿಪ್ಪತ್ತರ ಆಸುಪಾಸು ಜೀನ್. ಉಳಿದವು ಜೀವಕೋಶದ ನ್ಯೂಕ್ಲಿಯಸ್ಸಿಗೆ ವಲಸೆ ಹೋಗಿವೆ, ಇಲ್ಲವೇ ಕಳೆದುಹೋಗಿವೆ. ರುಬಿಸ್ಕೋದ ದೊಡ್ಡ ತುಂಡಿನ ಜೀನ್ ಕ್ಲೋರೋಪ್ಲಾಸ್ಟಿನಲ್ಲಿ, ಸಣ್ಣ ತುಂಡಿನ ಜೀನ್ ನ್ಯೂಕ್ಲಿಯಸ್ಸಿನಲ್ಲಿ. ಎರಡು ಊರಿನಲ್ಲಿ ತಯಾರಾಗಿ ಒಂದು ಕಡೆ ಜೋಡಣೆ. ಅದೂ ಅಲ್ಲದೆ ಒಂದು ಎಲೆಯ ಜೀವಕೋಶದಲ್ಲಿ ಕ್ಲೋರೋಪ್ಲಾಸ್ಟ್ ಡಿಎನ್‌ಎಯ ಸಾವಿರಾರು ಪ್ರತಿಗಳಿರುತ್ತವೆ. ಒಂದೆರಡು ಬದಲಾದರೆ ಸಾಲದು. ಅಷ್ಟೂ ಬದಲಾಗಬೇಕು. ಇಲ್ಲದಿದ್ದರೆ ಹಳೆಯವು ಮತ್ತೆ ತುಂಬಿಕೊಳ್ಳುತ್ತವೆ.

ಅದನ್ನು ಮಾಡುವುದು ಹೇಗಿರುತ್ತದೆ ಅಂತ ಹೇಳಿಬಿಡ್ತೀನಿ. ಧೂಳಿಗಿಂತ ಸಣ್ಣ ಚಿನ್ನದ ಕಣಗಳಿಗೆ ಡಿಎನ್‌ಎ ಸವರುತ್ತೇವೆ. ಗನ್ ಅನ್ನುವ ಯಂತ್ರದಲ್ಲಿ ಹೀಲಿಯಂ ಒತ್ತಡದಿಂದ ಎಲೆಯ ಮೇಲೆ ಹಾರಿಸುತ್ತೇವೆ. ಆಮೇಲೆ ಎಲೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಸ್ಪೆಕ್ಟಿನೋಮೈಸಿನ್ ಅನ್ನುವ ಆಂಟಿಬಯೋಟಿಕ್ ಔಷಧಿ ಹಾಕಿದ ಅಗಾರ್ ಜೆಲ್ಲಿಯ ಮೇಲೆ ಇಡುತ್ತೇವೆ. ಒಂದೆರಡು ವಾರದಲ್ಲಿ ಚೌಕಗಳು ಬಿಳುಚಿಕೊಳ್ಳುತ್ತವೆ. ಹಳದಿ, ಆಮೇಲೆ ಹಾಲಿನ ಕೆನೆಯ ಬಣ್ಣ. ತಟ್ಟೆ ತುಂಬ ಸತ್ತ ಹಾಗೆ ಕಾಣುತ್ತದೆ. ದಿನಾ ಬೆಳಗ್ಗೆ ದೀಪದ ಕೆಳಗೆ ಹಿಡಿದು ನೋಡೋದು, ಏನೂ ಇಲ್ಲ, ಮತ್ತೆ ಇಡೋದು. ಐದನೇ ವಾರವೋ ಆರನೇ ವಾರವೋ ಒಂದು ಬಿಳಿ ಚೌಕದ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆ. ಅದೊಂದು ಕಡೆ ಹೊಸ ಜೀನ್, ಜೊತೆಗೆ ಆ ಔಷಧಿಯನ್ನು ತಡೆಯುವ ಜೀನ್ ಕೂತಿದೆ, ಅದಕ್ಕೇ ಅಲ್ಲಿ ಹಸಿರು ಉಳಿದಿದೆ. ನನ್ನ ಮೊದಲ ಚುಕ್ಕೆ ಕಂಡ ದಿನ ತಟ್ಟೆ ಹಿಡಿದ ಕೈ ನಡುಗುತ್ತಿತ್ತು. ಇಲ್ಲಿ ನನ್ನ ಹೆಸರು ಹಾಗಾಗಿಯೇ ಬಂದದ್ದು.

ಆ ಚುಕ್ಕೆಯಿಂದ ಚಿಗುರು ಎಬ್ಬಿಸಿ, ಅದರ ಎಲೆ ಕತ್ತರಿಸಿ, ಮತ್ತೆ ಅದೇ ಔಷಧಿಯ ಮೇಲೆ ಇಟ್ಟು, ಎರಡು ಮೂರು ಸುತ್ತು ಆದ ಮೇಲೆಯೇ ಎಲ್ಲ ಪ್ರತಿಗಳೂ ಬದಲಾಗುವುದು. ಒಮ್ಮೆ ಎರಡನೇ ಸುತ್ತಿನಲ್ಲಿದ್ದಾಗ ನಾನಿದ್ದ ಲ್ಯಾಬಿನಲ್ಲಿ ರಾತ್ರಿ ಕರೆಂಟ್ ಹೋಗಿ, ಜನರೇಟರ್ ಹತ್ತದೆ, ಕಲ್ಚರ್ ರೂಮ್ ಬೆಂದುಹೋಯಿತು. ನಾಲ್ಕು ತಿಂಗಳ ತಟ್ಟೆಗಳಿಗೆ ಬೂಸ್ಟು ಬಂತು. ಜನರೇಟರ್ ರಿಪೇರಿಗೆ ಎರಡು ತಿಂಗಳು ಮುಂಚೆಯೇ ಬರೆದುಕೊಟ್ಟಿದ್ದೆವು. ಈಗಲೂ ಆ ಬೆಳಗ್ಗೆ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಹೊಗೆಸೊಪ್ಪಿನಲ್ಲಿ ಈ ವಿಧಾನ 1990ರಲ್ಲೇ ಗೆದ್ದಿತು, ಪಾಲ್ ಮಲಿಗಾ ಅವರ ತಂಡದಿಂದ. ಆದರೆ ಭತ್ತ, ಗೋಧಿ ಇವತ್ತಿಗೂ ಸುಲಭವಾಗಿ ಬಗ್ಗುವುದಿಲ್ಲ. ನಿಮ್ಮ ಹೊಲಕ್ಕೆ ಯಾಕೆ ಬಂದಿಲ್ಲ ಅನ್ನುವುದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ತುಂಬ ಜನ ಅಡ್ಡದಾರಿ ಹಿಡಿದಿದ್ದಾರೆ: ಜೀನನ್ನು ನ್ಯೂಕ್ಲಿಯಸ್ಸಿನಲ್ಲಿ ಇಟ್ಟು, ತಯಾರಾದ ಪ್ರೋಟೀನಿಗೆ ವಿಳಾಸ ಅಂಟಿಸಿ ಕ್ಲೋರೋಪ್ಲಾಸ್ಟಿಗೆ ಕಳಿಸೋದು. ಕ್ಲೋರೋಪ್ಲಾಸ್ಟ್ ಡಿಎನ್‌ಎಯ ಒಂದೊಂದು ಅಕ್ಷರ ತಿದ್ದುವ ಉಪಕರಣಗಳೂ 2021ರಿಂದ ಬಂದಿವೆ, ಕೊರಿಯಾ ಮತ್ತು ಜಪಾನಿನ ಗುಂಪುಗಳಿಂದ.

ಶೇ 40ರ ಕಥೆ ಸಂಜೆ ಬರೀತೀನಿ.

ಬೀಜ ನಮ್ಮದು
ಶುಕ್ರವಾರ, ಸಂಜೆ 5:05

ಹಸಿರು ಚುಕ್ಕೆ ಮೇಡಂ, ನಿಮ್ಮ ಶ್ರಮದ ಬಗ್ಗೆ ಗೌರವ ಇದೆ. ಆದರೆ ಒಂದು ಮಾತು ಹೇಳಲೇಬೇಕು. 2010ರ ಫೆಬ್ರವರಿಯಲ್ಲಿ ಬಿಟಿ ಬದನೆ ಬಗ್ಗೆ ಬೆಂಗಳೂರಿನಲ್ಲಿ ಸಾರ್ವಜನಿಕ ಸಭೆ ನಡೆದಾಗ ನಾನು ಹೊರಗೆ ನಿಂತಿದ್ದವನು. ಕೆಲವೇ ದಿನಗಳಲ್ಲಿ ಅದಕ್ಕೆ ತಡೆ ಬಿತ್ತು. ಅವತ್ತು ರೈತರು ಕೇಳಿದ್ದು ಕಿಣ್ವದ ಪ್ರಶ್ನೆ ಅಲ್ಲ. ಬೀಜ ಯಾರದು? ನಾನು ಕಣದಲ್ಲಿ ತೆಗೆದಿಟ್ಟುಕೊಂಡ ಬೀಜ ಮುಂದಿನ ವರ್ಷ ಬಿತ್ತಬಹುದಾ? ಪಕ್ಕದ ಹೊಲದ ನಾಟಿ ತಳಿಗೆ ಇದರ ಪರಾಗ ಬಿದ್ದರೆ?

ಅವರೆಯಂಥ ಬೆಳೆ ಮುಟ್ಟುವ ಮುಂಚೆ ಇದಕ್ಕೆ ಉತ್ತರ ಬೇಕು. ವಿಜ್ಞಾನದ ಮೇಲೆ ದ್ವೇಷದಿಂದ ಹೇಳ್ತಿಲ್ಲ. ನಮ್ಮನೆಯಲ್ಲಿ ಅಜ್ಜಿಯ ಕಾಲದ ಅವರೆ ಬೀಜ ಬೂದಿಯಲ್ಲಿ ಕಲಸಿ ಮಡಕೆಯಲ್ಲಿ ಇಟ್ಟಿದ್ದೇವೆ. ಅದನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

ಅಕ್ಕಡಿ ಸಾಲು, ಮಾಗಡಿ
ಶುಕ್ರವಾರ, ರಾತ್ರಿ 8:10

ಬೀಜ ನಮ್ಮದು ಅಣ್ಣ ಹೇಳಿದ್ದು ಸರಿ. ನಾನು ಕೃಷಿ ಪದವಿ ಮಾಡಿ ಊರಿಗೆ ವಾಪಸ್ ಬಂದವನು, ಏಳು ಎಕರೆ ಬೇಸಾಯ. ನನ್ನದು ಬೇರೆ ಅನುಮಾನ.

ಎಲೆ ಜಾಸ್ತಿ ದುಡಿದರೆ ಕಾಳು ಜಾಸ್ತಿ ಆಗುತ್ತೆ ಅಂತ ಯಾರು ಹೇಳಿದ್ದು? ಯೂರಿಯಾ ಜಾಸ್ತಿ ಬಿದ್ದ ರಾಗಿ ನೋಡಿ. ಕರೀ ಹಸಿರು, ಎದೆಯುದ್ದ ಬೆಳೆಯುತ್ತೆ. ತೆನೆ ತುಂಬುವ ಹೊತ್ತಿಗೆ ಒಂದು ಮಳೆ ಗಾಳಿ ಬಂದರೆ ಮಲಗುತ್ತೆ. ಹುಲ್ಲು ಸಿಗುತ್ತೆ, ರಾಗಿ ಸಿಗಲ್ಲ. ಕಣದಲ್ಲಿ ತೂಗುವಾಗ ಎಲೆಯ ಹಸಿರು ತಕ್ಕಡಿಗೆ ಬರಲ್ಲ. ಗಿಡಕ್ಕೆ ತಯಾರಿಸುವ ಜಾಗವೂ ಬೇಕು, ತುಂಬಿಸುವ ಜಾಗವೂ ಬೇಕು. ಮಂಡ್ಯದಲ್ಲಿ ತಳಿಗಾರ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿ ತಂದರಲ್ಲ, ಯಾರ ಕ್ಲೋರೋಪ್ಲಾಸ್ಟನ್ನೂ ತಿದ್ದಲಿಲ್ಲ. ಆದರೂ ಇಳುವರಿ ಏರಿತು. ಹಸಿರು ಕ್ರಾಂತಿಯ ಗಿಡ್ಡ ಭತ್ತ, ಗಿಡ್ಡ ಗೋಧಿಯೂ ಹಾಗೇ. ಹುಲ್ಲಿಗೆ ಹೋಗುವುದನ್ನು ಕಾಳಿಗೆ ತಿರುಗಿಸಿದ್ದು.

ಇನ್ನೊಂದು. ಕ್ಲೋರೋಪ್ಲಾಸ್ಟಿನ ಜೀನ್ ಒಂದು ಬದಲಾದರೆ ಏನಾಗಬಹುದು ಅನ್ನುವುದಕ್ಕೆ ಹಳೆಯ ಉದಾಹರಣೆ ಇದೆ. ಮುಸುಕಿನ ಜೋಳಕ್ಕೆ ನಾವು ಅಟ್ರಾಜಿನ್ ಹೊಡೆಯುತ್ತೇವೆ. ಅದು ಕಳೆಯ ಕ್ಲೋರೋಪ್ಲಾಸ್ಟಿನ ಡಿ1 ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಕಳೆಯನ್ನು ಕೊಲ್ಲುತ್ತೆ. ಕೆಲವು ಕಳೆಗಳಲ್ಲಿ ಆ ಪ್ರೋಟೀನಿನ ಒಂದೇ ಅಕ್ಷರ ತಾನಾಗಿ ಬದಲಾಗಿ ಔಷಧಿ ತಾಗದ ಹಾಗಾಯಿತು. ಅದೇ ಗುಣವನ್ನು ಕೆನೋಲಾ ಅನ್ನುವ ಎಣ್ಣೆಕಾಳು ಬೆಳೆಗೆ ತಂದರು, ಆಸ್ಟ್ರೇಲಿಯಾದಲ್ಲಿ ಬೆಳೆದರು. ಔಷಧಿ ತಡೆಯಿತು, ಆದರೆ ಇಳುವರಿ ಕಡಿಮೆ ಆಯಿತು. ಒಂದು ಅಕ್ಷರಕ್ಕೆ ಅಷ್ಟು ಬೆಲೆ.

ಮೂರು ವರ್ಷದ ಹಿಂದೆ ಒಂದು ಅಂಗಡಿಯವರು "ಎಕರೆಗೆ ಡಬಲ್" ಅಂತ ಹೇಳಿ ಕೊಟ್ಟ ಜೋಳದ ಬೀಜ ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ಹಣ ಹೋಯಿತು, ಹದ ಹೋಯಿತು. ಹದ ಹೋದರೆ ಮತ್ತೆ ಬರಲ್ಲ. ಹಾಗಾಗಿ ಶೇ 40 ಅನ್ನುವ ಮಾತು ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತೆ.

ಹಸಿರು ಚುಕ್ಕೆ
ಶುಕ್ರವಾರ, ರಾತ್ರಿ 10:30

ಮಾಗಡಿ ಅಣ್ಣ, ನೀವು ಎತ್ತಿದ್ದೇ ಈ ಕ್ಷೇತ್ರದ ನಿಜವಾದ ಜಗಳ. ಒಂದೊಂದಾಗಿ ಬರ್ತೀನಿ.

ಶೇ 40 ಅಂದರೆ ಇದು. 2019ರಲ್ಲಿ ಅಮೆರಿಕದ ಇಲಿನಾಯ್ ತಂಡ ಹೊಗೆಸೊಪ್ಪಿನಲ್ಲಿ ಕಲ್ಲು ಹೊರಹಾಕುವ ದಾರಿಯನ್ನೇ ಬದಲಿಸಿತು. ಮಾಮೂಲಿಯಾಗಿ ಆ ತ್ಯಾಜ್ಯ ಕ್ಲೋರೋಪ್ಲಾಸ್ಟಿನಿಂದ ಹೊರಟು ಜೀವಕೋಶದ ಇನ್ನೆರಡು ಕೋಣೆ ಸುತ್ತಿ ವಾಪಸ್ ಬರುತ್ತದೆ. ದಾರಿಯುದ್ದಕ್ಕೂ ಖರ್ಚು. ಅವರು ಸಿಹಿಗುಂಬಳದ ಒಂದು ಜೀನ್, ಹಸಿರು ಪಾಚಿಯ ಒಂದು ಜೀನ್ ತಂದು, ಅದೆಲ್ಲ ಕ್ಲೋರೋಪ್ಲಾಸ್ಟಿನೊಳಗೇ ಮುಗಿಯುವ ಹಾಗೆ ಮಾಡಿದರು. ಹಳೆಯ ದಾರಿಯ ಬಾಗಿಲನ್ನೂ ಅರ್ಧ ಮುಚ್ಚಿದರು. ಬಯಲಿನಲ್ಲಿ ಗಿಡದ ಒಣ ತೂಕ ಶೇ 40ರಷ್ಟು ಹೆಚ್ಚಿತು. ನಿಜವಾದ ಹೊಲ, ನಿಜವಾದ ಬಿಸಿಲು. ಆದರೆ ಅದು ಹೊಗೆಸೊಪ್ಪಿನ ತೂಕ, ಕಾಳಿನ ತೂಕ ಅಲ್ಲ. ಅದೇ ಸುಮಾರಿಗೆ ಚೀನಾದಲ್ಲಿ ಭತ್ತಕ್ಕೆ ಇಂಥದ್ದೇ ಇನ್ನೊಂದು ಅಡ್ಡದಾರಿ ಹಾಕಿದರು. ಗಿಡ ದಷ್ಟಪುಷ್ಟವಾಗಿ ಬಂತು, ಆದರೆ ಜೊಳ್ಳು ಜಾಸ್ತಿ ಆಯಿತು. ನಿಮ್ಮ ಅನುಮಾನ ಅಲ್ಲಿ ಕಣ್ಣೆದುರೇ ಕಾಣುತ್ತೆ.

ಆಮೇಲೆ ಆಲೂಗಡ್ಡೆ. ಇಲಿನಾಯ್‌ನಲ್ಲೇ ಹೊಲದ ಪರೀಕ್ಷೆ, ಫಲಿತಾಂಶ 2024ರಲ್ಲಿ ಹೊರಬಂತು. ಬಿಸಿಗಾಳಿ ಬೀಸಿದ ವರ್ಷದಲ್ಲಿ ತಿದ್ದಿದ ಗಿಡಗಳ ಗೆಡ್ಡೆ ತೂಕ ಶೇ 30 ಹೆಚ್ಚು. ಗೆಡ್ಡೆಗೆ ತುಂಬಿಸಿಕೊಳ್ಳುವ ಜಾಗ ಧಾರಾಳ. ನನ್ನ ಅಂದಾಜಿನಲ್ಲಿ ಮೊದಲು ಹೊಲಕ್ಕೆ ಬರಬೇಕಾದ್ದು ಇಂಥ ಬೆಳೆಗಳೇ.

ಇನ್ನೊಂದು ದಾರಿ ಇದೆ, ಬೆಂಗಳೂರಿನವರಿಗೆ ಅದು ಬೇಗ ಅರ್ಥ ಆಗುತ್ತೆ. ನಮ್ಮ ಆಗಸ್ಟ್ ಆಕಾಶ ನೆನಪು ಮಾಡಿಕೊಳ್ಳಿ. ಮೋಡ, ಬಿಸಿಲು, ಮತ್ತೆ ಮೋಡ. ಬಿಸಿಲು ಜಾಸ್ತಿ ಆದಾಗ ಎಲೆ ಸುಟ್ಟುಕೊಳ್ಳದಿರಲು ಹೆಚ್ಚಿನ ಬೆಳಕನ್ನು ಶಾಖವಾಗಿ ಹೊರಗೆ ಬಿಡುತ್ತದೆ, ಕೊಡೆ ಬಿಚ್ಚಿದ ಹಾಗೆ. ಮೋಡ ಬಂದ ಮೇಲೂ ಕೊಡೆ ಮಡಚಲು ಅದಕ್ಕೆ ಹಲವು ನಿಮಿಷ ಬೇಕು. ಅಷ್ಟು ಹೊತ್ತು ಸಿಗುವ ಬೆಳಕೂ ನಷ್ಟ. ಇಡೀ ದಿನ ಲೆಕ್ಕ ಹಾಕಿದರೆ ಇದು ಸಣ್ಣದಲ್ಲ. ಇಲಿನಾಯ್‌ನ ವಿಜ್ಞಾನಿ ಸ್ಟೀಫನ್ ಲಾಂಗ್ ಅವರ ತಂಡ ಮೂರು ಜೀನ್‌ಗಳ ಪ್ರಮಾಣ ಹೆಚ್ಚಿಸಿ ಕೊಡೆ ಬೇಗ ಮಡಚುವ ಹಾಗೆ ಮಾಡಿತು. 2016ರಲ್ಲಿ ಹೊಗೆಸೊಪ್ಪಿನಲ್ಲಿ ಶೇ 14ರಿಂದ 20 ತೂಕ ಹೆಚ್ಚು. 2022ರಲ್ಲಿ ಸೋಯಾ ಅವರೆಯ ಫಲಿತಾಂಶ ಹೊರಬಂತು, ಈ ಸಲ ಕಾಳನ್ನೇ ತೂಗಿದ್ದರು. ಚೆನ್ನಾಗಿ ಬಂದ ಸಾಲುಗಳಲ್ಲಿ ಸರಾಸರಿ ಶೇ 24ರ ಆಸುಪಾಸು, ಅತಿ ಹೆಚ್ಚು ಶೇ 33.

ಇಲ್ಲಿಗೇ ನಿಲ್ಲಿಸಿದರೆ ನಾನೂ ಆ ಅಂಗಡಿಯವರ ಹಾಗೆ ಆಗ್ತೀನಿ. ಅದೇ ಸೋಯಾ ಪರೀಕ್ಷೆಯ ಎರಡನೇ ವರ್ಷದ ಹೊಲ ಗಾಳಿ ಮಳೆಗೆ ಮಲಗಿತು, ಇಳುವರಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದೇ ಮೂರು ಜೀನ್ ಅರಾಬಿಡಾಪ್ಸಿಸ್ ಅನ್ನುವ ಪ್ರಯೋಗದ ಗಿಡಕ್ಕೆ ಹಾಕಿದಾಗ ಬೆಳವಣಿಗೆ ಕುಂಠಿತವಾಯಿತು. 2023ರಲ್ಲಿ ಕೆಲವು ತಳಿ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಬರೆದರು: ಒಂದು ಜಾಗ, ಒಂದು ವರ್ಷ, ನಾಲ್ಕು ಸಾಲು ನೋಡಿ ಇಳುವರಿ ಹೆಚ್ಚಿತು ಅನ್ನಬೇಡಿ, ಹಲವು ಊರು ಹಲವು ವರ್ಷ ಬೆಳೆದು ತೋರಿಸಿ ಅಂತ. ನನ್ನ ಕೆಲವು ಗೆಳೆಯರಿಗೆ ಅದರಿಂದ ನೋವಾಯಿತು. ನನಗೆ ಅದು ಸರಿ ಅನ್ನಿಸಿತು. ಕೃಷಿ ವಿಶ್ವವಿದ್ಯಾಲಯದ ತಳಿಗಾರರು ಒಂದು ರಾಗಿಗೆ ಹೆಸರು ಕೊಡುವ ಮುಂಚೆ ಎಷ್ಟು ಕಡೆ ಬೆಳೆದು ನೋಡ್ತಾರೆ! ನಮಗೂ ಅದೇ ಅಳತೆ ಇರಬೇಕು.

ಹಾಗಾದರೆ ಯಾಕೆ ಇದನ್ನು ಬಿಡಬಾರದು ಅಂತೀನಿ? ಗಿಡ್ಡ ತಳಿಗಳ ದಾರಿ ಮುಗಿಯುತ್ತಾ ಬಂದಿದೆ, ಅದಕ್ಕೆ. ಒಳ್ಳೆಯ ಭತ್ತ, ಗೋಧಿಯಲ್ಲಿ ಗಿಡದ ತೂಕದ ಅರ್ಧ ಆಗಲೇ ಕಾಳಿಗೆ ಹೋಗುತ್ತಿದೆ. ಇನ್ನೆಷ್ಟು ತಿರುಗಿಸೋದು? ಕಾಂಡ, ಬೇರು, ಎಲೆಯೂ ಇರಬೇಕಲ್ಲ. ಅತ್ತ ಬಿಸಿಲ ಕಡೆ ನೋಡಿ. ಸಿ3 ಬೆಳೆ ತಾತ್ವಿಕವಾಗಿ ಬಿಸಿಲಿನ ಶಕ್ತಿಯ ಶೇ 4.6ರಷ್ಟನ್ನು ಹಿಡಿಯಬಹುದು, ಸಿ4 ಶೇ 6. ಹೊಲದಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಸಿಗುವುದಿಲ್ಲ. ಉಳಿದಿರುವ ದೊಡ್ಡ ಗಂಟು ಅದು. ಶಾಖ ಏರುತ್ತಿರುವಾಗ ಕಲ್ಲು ಎತ್ತುವ ತಪ್ಪೂ ಏರುತ್ತದೆ. ತೊಗರಿ, ಅವರೆ, ಕಡಲೆಕಾಯಿಗೆ ಆ ನಷ್ಟ ನೇರವಾಗಿ ತಟ್ಟುತ್ತೆ. ಈ ಬೆಳೆಗಳ ಮೇಲೆ ಅಮೆರಿಕದವರು ಯಾಕೆ ತಲೆ ಕೆಡಿಸಿಕೊಳ್ತಾರೆ? ನಾವೇ ಮಾಡಬೇಕು.

ಬೀಜ ನಮ್ಮದು ಸರ್, ನಿಮ್ಮ ಪರಾಗದ ಪ್ರಶ್ನೆಗೆ ಅರ್ಧ ಉತ್ತರ ಇದೆ. ಬಹುಪಾಲು ಬೆಳೆಗಳಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯಿಂದ ಮಾತ್ರ ಬರುತ್ತದೆ, ಪರಾಗದಲ್ಲಿ ಹೋಗುವುದು ತೀರಾ ಅಪರೂಪ. ಹಾಗಾಗಿ ಜೀನ್ ಕ್ಲೋರೋಪ್ಲಾಸ್ಟ್ ಡಿಎನ್‌ಎಯಲ್ಲೇ ಇದ್ದರೆ ಪಕ್ಕದ ಹೊಲಕ್ಕೆ ಹಾರುವ ಭಯ ಬಹಳ ಕಡಿಮೆ. ಆದರೆ ನಾನು ಮೇಲೆ ಹೇಳಿದ ಸೋಯಾ, ಆಲೂಗಡ್ಡೆಯಲ್ಲಿ ಜೀನ್ ಇರುವುದು ನ್ಯೂಕ್ಲಿಯಸ್ಸಿನಲ್ಲಿ. ಅದಕ್ಕೆ ಈ ಮಾತು ಅನ್ವಯಿಸಲ್ಲ. ಬೀಜ ಯಾರದು ಅನ್ನುವುದಕ್ಕೆ ಲ್ಯಾಬಿನಲ್ಲಿ ಉತ್ತರ ಇಲ್ಲ. ಸಾರ್ವಜನಿಕ ಹಣದಲ್ಲಿ ಮಾಡಿದ್ದು ಸಾರ್ವಜನಿಕ ಬೀಜವಾಗಿ ಬರಬೇಕು. ರೈತ ಅದನ್ನು ಮಡಕೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಬರವಣಿಗೆಯಲ್ಲಿ ಇರಬೇಕು. ಈ ವಿಷಯದಲ್ಲಿ ನಾನು ನಿಮ್ಮ ಪಕ್ಕ ನಿಲ್ತೀನಿ.

ಬೀಜ ನಮ್ಮದು
ಶನಿವಾರ, ಬೆಳಗ್ಗೆ 6:20

ಮಲಗದ ವರ್ಷ, ಮಲಗಿದ ವರ್ಷ ಎರಡನ್ನೂ ಹೇಳಿದ್ದೀರಿ. ಅದಕ್ಕೆ ಥ್ಯಾಂಕ್ಸ್. ಎಲ್ಲ ವಿಜ್ಞಾನಿಗಳೂ ಹೀಗೆ ಮಾತಾಡಿದರೆ ನಮ್ಮಂಥವರು ಹೊರಗೆ ನಿಲ್ಲಬೇಕಾಗಲ್ಲ. ಹಕ್ಕು ಬರವಣಿಗೆಯಲ್ಲಿ ಬರುವವರೆಗೆ ನನ್ನ ವಿರೋಧ ಹಾಗೇ ಇರುತ್ತೆ, ಅದು ನಿಮ್ಮ ಮೇಲಲ್ಲ. ಇನ್ನೊಂದು ತಿಳಿಯಬೇಕು. ಹೊರಗಿನ ಜೀನ್ ಸೇರಿಸದೆ ತಿದ್ದಿದ ಬೆಳೆಗೆ ನಿಯಮ ಬೇರೆ ಅಂತ ಕೇಳಿದ್ದೆ, ಹೌದಾ?

ಹಸಿರು ಚುಕ್ಕೆ
ಶನಿವಾರ, ಬೆಳಗ್ಗೆ 8:00

ಹೌದು ಸರ್. 2022ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಆ ಬಗೆಯ ತಿದ್ದುಪಡಿಗೆ ಕುಲಾಂತರಿಯ ಕಟ್ಟುನಿಟ್ಟಿನ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇನಲ್ಲಿ ಎರಡು ಜೀನೋಮ್ ತಿದ್ದಿದ ಭತ್ತದ ತಳಿಗಳನ್ನು ಪ್ರಕಟಿಸಿದರು, ಆದರೆ ಅವು ದ್ಯುತಿಸಂಶ್ಲೇಷಣೆಗೆ ಸಂಬಂಧಿಸಿದ್ದಲ್ಲ. ಸಿಹಿಗುಂಬಳದ ಜೀನ್ ತಂದರೆ ಹಳೆಯ ಕಟ್ಟುನಿಟ್ಟೇ.

ಕೋಡ್ ಕೆಂಗೇರಿ
ಶನಿವಾರ, ಬೆಳಗ್ಗೆ 9:30

ಭತ್ತವನ್ನೇ ರಾಗಿಯ ಥರ ಸಿ4 ಮಾಡಿಬಿಟ್ಟರೆ?

ನಿವೃತ್ತ ಮೇಷ್ಟ್ರು, ಬಸವನಗುಡಿ
ಶನಿವಾರ, ಬೆಳಗ್ಗೆ 10:10

ಅದಕ್ಕೂ ಒಂದು ದೊಡ್ಡ ಪ್ರಯತ್ನ ನಡೆದಿದೆ ಮಗು, ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಶುರುವಾಗಿ, ಆಮೇಲೆ ಆಕ್ಸ್‌ಫರ್ಡ್ ಮುಂದಾಳತ್ವದಲ್ಲಿ. ಕಷ್ಟ ಏನೆಂದರೆ ಬರೀ ಆಳು ಬದಲಿಸಿದರೆ ಸಾಲದು, ಮನೆಯನ್ನೇ ಬೇರೆ ಥರ ಕಟ್ಟಬೇಕು. ನರಗಳು ಹತ್ತಿರ ಹತ್ತಿರ ಬರಬೇಕು, ಸುತ್ತಲ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ತುಂಬಬೇಕು. ಆದರೆ ಪ್ರಕೃತಿಯಲ್ಲಿ ಅರವತ್ತಕ್ಕೂ ಹೆಚ್ಚು ಸಲ ಬೇರೆ ಬೇರೆ ಗಿಡಗಳು ತಾವಾಗಿಯೇ ಸಿ4 ಆಗಿವೆ. ಹಾಗಾಗಿ ಆಸೆ ಬಿಡಬೇಕಿಲ್ಲ.

ತಂಗೀ, ನಾಳೆ ಹೊಲಕ್ಕೆ ಹೋಗ್ತೀರಲ್ಲ, ನಿಮ್ಮ ತಂದೆಯವರಿಗೆ ಇದನ್ನು ಕಣ್ಣಾರೆ ತೋರಿಸಬಹುದು. ಚೆನ್ನಾಗಿ ಬಿಸಿಲು ಬಿದ್ದ ದಿನ, ಸಂಜೆ ನಾಲ್ಕರ ಸುಮಾರಿಗೆ ಒಂದು ರಾಗಿ ಎಲೆ, ಒಂದು ಅವರೆ ಎಲೆ ಕೀಳಿ. ಭತ್ತದ್ದು ಬೇಡ, ಅದು ಎಲೆಯಲ್ಲಿ ಪಿಷ್ಟ ಜಾಸ್ತಿ ಕೂಡಿಡುವುದಿಲ್ಲ. ಎರಡನ್ನೂ ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ. ಒಲೆ ಆರಿಸಿ. ಪೂರ್ತಿ ಆರಿಸಿದ ಮೇಲೆಯೇ ಸ್ಪಿರಿಟ್ ಬಾಟಲಿ ಮುಚ್ಚಳ ತೆಗೆಯಿರಿ, ಅದು ಬೆಂಕಿ ಹಿಡಿಯುವ ಪದಾರ್ಥ. ಗಾಜಿನ ಲೋಟದಲ್ಲಿ ಸ್ಪಿರಿಟ್ ಹಾಕಿ ಎಲೆ ಮುಳುಗಿಸಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಹಸಿರೆಲ್ಲ ಸ್ಪಿರಿಟ್ಟಿಗೆ ಇಳಿಯುತ್ತದೆ. ರಾಗಿ ಎಲೆ ಬೇಗ ಬಿಡುವುದಿಲ್ಲ, ಬಿಸಿನೀರು ಬದಲಾಯಿಸುತ್ತಾ ಕಾಯಬೇಕು. ಆಮೇಲೆ ನೀರಿನಲ್ಲಿ ತೊಳೆದು ತಟ್ಟೆಯಲ್ಲಿ ಹರಡಿ, ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ನಿಗೆ ನೀರು ಬೆರೆಸಿ ಹನಿ ಹನಿ ಬಿಡಿ. ಭೂತಗನ್ನಡಿ ಇರಲಿ. ಏನು ಕಾಣಬೇಕು ಅಂತ ನಾನು ಹೇಳುವುದಿಲ್ಲ. ಮಗಳೇ ಹೇಳಲಿ.

ಮಹಡಿ ತೋಟ, ಯಲಹಂಕ
ಭಾನುವಾರ, ರಾತ್ರಿ 9:15

ಮಾಡಿದೆವು ಮೇಷ್ಟ್ರೇ!

ಇವತ್ತು ಬಿಸಿಲು ಚೆನ್ನಾಗಿತ್ತು. ಅಪ್ಪನೇ ಎಲೆ ಆರಿಸಿ ಕಿತ್ತುಕೊಟ್ಟರು, ತೆನೆಯಿಂದ ಎರಡನೇ ಎಲೆ. ಅಡುಗೆಮನೆಯಲ್ಲಿ ಮಗಳು ಮಾಡಿದಳು, ನಾನು ಬಿಸಿನೀರು ಬದಲಾಯಿಸುತ್ತಾ ನಿಂತೆ. ಅವರೆ ಎಲೆ ಅರ್ಧ ಗಂಟೆಯಲ್ಲಿ ಬೆಳ್ಳಗಾಯಿತು, ಹಸಿ ಹಪ್ಪಳದ ಹಾಗೆ ಮೆತ್ತಗೆ. ರಾಗಿಗೆ ಒಂದೂವರೆ ಗಂಟೆ ಬೇಕಾಯಿತು. ಅಮ್ಮನಿಗೆ ಸ್ಪಿರಿಟ್ ವಾಸನೆಗೆ ತಲೆನೋವು ಬಂತು, ಕಿಟಕಿ ತೆಗೆದಿಟ್ಟೆವು.

ಅಯೋಡಿನ್ ಬಿಟ್ಟ ತಕ್ಷಣ ಅವರೆ ಎಲೆ ಇಡೀ ಕಪ್ಪು ನೀಲಿ ಆಯಿತು, ಮೂಲೆ ಮೂಲೆಯೂ. ರಾಗಿ ಎಲೆ ಮೊದಲು ಏನೂ ಆಗಲಿಲ್ಲ. ಮಗಳ ಮುಖ ಸಣ್ಣದಾಯಿತು. ಆಮೇಲೆ ಭೂತಗನ್ನಡಿ ಹಿಡಿದು "ಅಮ್ಮಾ ಗೆರೆ!" ಅಂತ ಕೂಗಿದಳು. ನರಗಳ ಗುಂಟ ಮಾತ್ರ ಸಣ್ಣ ಕಪ್ಪು ಗೆರೆ, ಸಾಲು ಬಿತ್ತಿದ ಹಾಗೆ. ಗೆರೆಗಳ ನಡುವೆ ಬರೀ ಅಯೋಡಿನ್ನಿನ ತಿಳಿ ಹಳದಿ. "ತಾತ, ಈ ಗೆರೆನೇ ಒಳಮನೆ. ಪಿಷ್ಟ ಅಲ್ಲಿ ಮಾತ್ರ ಆಗಿದೆ. ನಡುವೆ ಇರೋದು ಕೇರೋ ಜಾಗ" ಅಂತ ಅವಳೇ ಹೇಳಿದಳು. ಈ ಸಲ ಒಪ್ಪಿಸಲಿಲ್ಲ, ಹೇಳಿದಳು.

ಅಪ್ಪ ಎಲೆಯನ್ನು ಬಲ್ಬಿನ ಎದುರು ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ, "ಐವತ್ತು ವರ್ಷ ಕಳೆ ಕಿತ್ತಿದೀನಿ ಈ ಗಿಡದ ಬುಡದಾಗೆ, ಒಳಗೆ ಸಾಲು ಹೊಡೆದಿರೋದು ಕಂಡಿರ್ಲಿಲ್ಲ" ಅಂದರು.

ಊಟಕ್ಕೆ ಕೂತಾಗ ಅವರಿಗೆ ಹಸಿರು ಚುಕ್ಕೆ ಅವರ ತಟ್ಟೆಯ ಕಥೆ ಹೇಳಿದೆ. ಮಾಗಡಿ ಅಣ್ಣನ ಮಾತನ್ನೂ ಹೇಳಿದೆ. ಕರೆಂಟ್ ಹೋದ ವಿಷಯಕ್ಕೆ "ಪಾಪ, ಬೆಳೆ ಹೋದಂಗೇ ಆಯ್ತಲ್ಲ ಆ ಮಗಿಗೆ" ಅಂದರು. ಕೈ ತೊಳೆದುಕೊಂಡು ಬಂದ ಮೇಲೆ ಒಂದು ಪ್ರಶ್ನೆ ಕೇಳಿದ್ದಾರೆ, ಅವರ ಮಾತಿನಲ್ಲೇ ಬರೀತೀನಿ (ಸೊನೆ ಅಂದರೆ ಅವರೆಕಾಯಿಯ ಮೇಲಿನ ಘಮದ ಜಿಡ್ಡು): "ಅವರೆಗೆ ಸೊನೆ ಬರೋದು ಚಳಿ, ಇಬ್ಬನಿ ಬಿದ್ದ ಮೇಲೆ. ಸೊನೆ ಇಲ್ದಿದ್ರೆ ಅದು ಅವರೆನೇ ಅಲ್ಲ. ಎಲೆ ಒಳಗಿನ ದಾರಿ ತಿದ್ದಿದ್ರೆ ಸೊನೆ ಹಂಗೇ ಇರ್ತದಾ ಅಂತ ಆ ಮಗೀನ ಕೇಳು."

ಹಸಿರು ಚುಕ್ಕೆ
ಭಾನುವಾರ, ರಾತ್ರಿ 11:05

ಅಕ್ಕ, ಇದನ್ನು ಮೂರು ಸಲ ಓದಿದೆ. ನಾವು ತೂಕ ಅಳೆದಿದ್ದೇವೆ, ಎಲೆ ಉಸಿರಾಡುವುದನ್ನು ಅಳೆದಿದ್ದೇವೆ. ನಾನಿದ್ದ ಆರು ವರ್ಷದಲ್ಲಿ ಲ್ಯಾಬಿನಲ್ಲಿ ಯಾರ ಬಾಯಲ್ಲೂ ಸೊನೆಯ ಮಾತು ಬರಲಿಲ್ಲ. ಮುಂದಿನ ತಿಂಗಳು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ಇದೆ. ನಿಮ್ಮ ತಂದೆಯವರನ್ನು ಕರೆದುಕೊಂಡು ಬನ್ನಿ. ಬೀಜ ನಮ್ಮದು ಸರ್, ಮಾಗಡಿ ಅಣ್ಣ, ನೀವೂ ಬನ್ನಿ. ಅವರೆ ತಳಿಗಾರರು ಅಲ್ಲಿ ಸಿಗ್ತಾರೆ. ಈ ಪ್ರಶ್ನೆಯನ್ನು ನಿಮ್ಮ ತಂದೆಯೇ ಅವರ ಮುಂದೆ ಇಡಲಿ, ನಾನು ಪಕ್ಕದಲ್ಲಿ ನಿಂತು ಬರೆದುಕೊಳ್ತೀನಿ.

ಬೀಜ ನಮ್ಮದು
ಭಾನುವಾರ, ರಾತ್ರಿ 11:20

ಬರ್ತೀನಿ. ಮಡಕೆಯ ಅವರೆಯಲ್ಲಿ ಒಂದು ಹಿಡಿ ತರ್ತೀನಿ, ನಿಮ್ಮ ತಂದೆಯವರಿಗೆ.